ಒಳಗೆ ಬಿಚ್ಚಬಾರದ ಛತ್ರಿ

ನನ್ನ ಸೋದರಮಾವನಿಗೆ ಭಯ ಎಂಬುದೇ ಇಲ್ಲ. ಇದು ನನ್ನ ಅಭಿಪ್ರಾಯವಲ್ಲ, ಅವರದೇ! ಬೆಕ್ಕು ಅಡ್ಡ ಬಂದರೆ ಅದನ್ನು ನಿಲ್ಲಿಸಿ ಫೋಟೋ ತೆಗೆಯುತ್ತಾರೆ. ರಾಹುಕಾಲ ಯಾವಾಗ ಎಂದು ಪಂಚಾಂಗದಲ್ಲಿ ಹುಡುಕಿ, ಸರಿಯಾಗಿ ಅದೇ ಹೊತ್ತಿಗೆ ಹೊಸ ಸಾಮಾನು ಕೊಳ್ಳುತ್ತಾರೆ. ಪಂಚಾಂಗವನ್ನು ಇಷ್ಟು ಶ್ರದ್ಧೆಯಿಂದ ನೋಡುವವರು ನಮ್ಮ ತ್ಯಾಗರಾಜನಗರದಲ್ಲಿ ಇನ್ನೊಬ್ಬರಿದ್ದಾರೆಯೆ?

ಆ ಛತ್ರಿ ಬಂದದ್ದೂ ರಾಹುಕಾಲದಲ್ಲೇ. ಹೊರಗೆ ಕಪ್ಪು, ಒಳಗೆ ಬೆಳ್ಳಿಬಣ್ಣ, ಬಾಯಿಗೆ ಮುಸುಕಿನಂತೆ ಒಂದು ಬಿಳಿಬಟ್ಟೆ. ಹೆಸರು ಸಾಫ್ಟ್‌ಬಾಕ್ಸ್. ಒಳಗಿನ ಫ್ಲ್ಯಾಶ್ ಬಟ್ಟೆಯಲ್ಲಿ ಸೋಸಿ ಬಂದರೆ ಮುಖದ ಮೇಲೆ ಹಾಲು ಚೆಲ್ಲಿದಂತೆ ಬೆಳಕು ಬೀಳುತ್ತದಂತೆ. ಆ ಬಟ್ಟೆಯನ್ನು ಮುಟ್ಟುವ ಹಕ್ಕು ಮನೆಯಲ್ಲಿ ಯಾರಿಗೂ ಇಲ್ಲ. ಬೆರಳ ಗುರುತು ಬಿದ್ದರೆ ಬೆಳಕಿಗೇ ಕಲೆ!

ಮಾಮನ ತಾಯಿ, ಅಂದರೆ ನನ್ನ ಅಜ್ಜಿ, ಮೊದಲ ದಿನವೇ ತಕರಾರು ತೆಗೆದರು.

"ಮನೆಯೊಳಗೆ ಛತ್ರಿ ಬಿಚ್ಚಬಾರದು ಕಣೋ. ಕೆಟ್ಟದಾಗತ್ತೆ."

"ಅಮ್ಮಾ, ಇದು ಮಳೆ ಛತ್ರಿ ಅಲ್ಲ, ಬೆಳಕಿನ ಛತ್ರಿ. ಶನಿಗೆ ಅಷ್ಟೂ ಗೊತ್ತಾಗಲ್ವಾ?"

ನಡುಮನೆಯಲ್ಲೇ ಬಿಚ್ಚಿದರು. ಒಂದು ಕಡ್ಡಿ ಷೋಕೇಸಿನ ಮೇಲಿನ ಚನ್ನಪಟ್ಟಣದ ಗೊಂಬೆಯನ್ನು ಉರುಳಿಸಿತು. ಇನ್ನೊಂದು ಲಕ್ಷ್ಮಿಯ ಕ್ಯಾಲೆಂಡರನ್ನು ಮೊಳೆಯಿಂದ ಕೆಡವಿತು.

"ನೋಡ್ದ್ಯಾ? ಲಕ್ಷ್ಮಿನೇ ಎದ್ದು ಹೋದ್ಲು," ಎಂದರು ಅಜ್ಜಿ.

ಪ್ರಯೋಗಕ್ಕೆ ಸಿಕ್ಕವಳು ನಾನು. ಮಾಮ ಛತ್ರಿಯನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಏರಿಸಿ, ಇಳಿಸಿ, ಓರೆ ಮಾಡುವಷ್ಟರಲ್ಲಿ ನನ್ನ ಕತ್ತು ಮರಗಟ್ಟಿತ್ತು. ಎಂ.ಎ. ಮೌಖಿಕ ಪರೀಕ್ಷೆಯಲ್ಲೂ ನಾನು ಅಷ್ಟು ಬಿಗಿದುಕೊಂಡಿರಲಿಲ್ಲ.

"ಉಸಿರಾಡೇ!"

"ಆಡ್ತಾ ಇದೀನಿ ಮಾಮ."

"ಹಾಗಾದ್ರೆ ಸ್ವಲ್ಪ ಕಾಣೋ ಹಾಗೆ ಆಡು!"

ಅಷ್ಟರಲ್ಲಿ ಅಜ್ಜಿಯ ಹೃದಯದ ಆಪರೇಷನ್ ನಿಶ್ಚಯವಾಯಿತು. ಆಸ್ಪತ್ರೆಗೆ ಸೇರುವ ಹಿಂದಿನ ದಿನ ಅವರು, "ನಂದೊಂದು ಒಳ್ಳೆ ಫೋಟೋ ತೆಗೆದುಬಿಡೋ," ಎಂದರು. ಏಕೆ ಎಂದು ಎಲ್ಲರಿಗೂ ಗೊತ್ತಿತ್ತು. ನಾನು ಅಡುಗೆಮನೆಗೆ ಹೋಗಿ, ತೊಳೆದಿಟ್ಟಿದ್ದ ಲೋಟವನ್ನೇ ಮತ್ತೆ ತೊಳೆದೆ.

ಅಜ್ಜಿ ರೇಷ್ಮೆಸೀರೆ ಉಟ್ಟು ನಡುಮನೆಯಲ್ಲಿ ಕುಳಿತರು. ಮಾಮ ಛತ್ರಿ ಎತ್ತಿಕೊಂಡು ಬೀದಿಗೆ ಹೋದರು! ಅಲ್ಲಿ ಬಿಚ್ಚಿ, ಬಿಚ್ಚಿದ್ದನ್ನು ಒಳಗೆ ತರಲು ಹೊರಟರು. ನಮ್ಮದು ಹಳೆಯ ಕಾಲದ ಕಿರುಬಾಗಿಲು. ನೇರ ತಂದರು, ಅಡ್ಡ ತಂದರು, ಹಿಂದಿನಿಂದ ತಳ್ಳಿದರು. ಛತ್ರಿ ಬಾಗಿಲ ಚೌಕಟ್ಟಿನಲ್ಲಿ ಸಿಕ್ಕಿಕೊಂಡು ನಿಂತಿತು.

"ಏನ್ ಸಾರ್, ಪ್ಯಾರಾಚೂಟಾ?" ಎಂದರು ಎದುರುಮನೆಯವರು.

"ಒಳಗೆ ತುಂಬಾ ಧೂಳು ರೀ, ಅದಕ್ಕೇ ಹೊರಗೆ ಬಿಚ್ಚಿದೆ," ಎಂದರು ಮಾಮ. ಅಂಗಳದ ಮಣ್ಣಿನಲ್ಲಿ ನಿಂತು!

ಅಜ್ಜಿ ಒಳಗಿನಿಂದ ಕೂಗಿದರು. "ಇಲ್ಲೇ ಬಿಚ್ಚೋ. ನಾನೇ ಹೇಳ್ತಿದೀನಲ್ಲ."

"ಬೇಡಮ್ಮ."

"ಏನೂ ಆಗಲ್ಲ ಕಣೋ."

"ಬೇಡ ಅಂದ್ನಲ್ಲಮ್ಮ."

ಛತ್ರಿಯ ಕಡ್ಡಿಗಳೆಲ್ಲ ಸಣ್ಣಗೆ ಅಲುಗುತ್ತಿದ್ದವು. ಗಾಳಿ ಇರಲಿಲ್ಲ.

ಅಜ್ಜಿ ಎದ್ದು, ಛತ್ರಿಯನ್ನು ಬಾಗಿಲಿನಿಂದ ಹೊರಕ್ಕೆ ನೂಕಿ, ಕುರ್ಚಿ ತರುವಂತೆ ನನಗೆ ಸನ್ನೆ ಮಾಡಿ, ಅಂಗಳಕ್ಕೆ ಬಂದರು. ಕಿಟಕಿಯಿಂದ ವೈರು ಎಳೆದದ್ದಾಯಿತು. ಸ್ಟ್ಯಾಂಡು ಬೀಳದಂತೆ ನಾನು ಅಪ್ಪಿ ಹಿಡಿದೆ. ಫೋಟೋ ಆಯಿತು.

ಆದರೆ ಆ ರೀಲನ್ನು ಮಾಮ ತೊಳೆಸಲು ಕೊಡಲೇ ಇಲ್ಲ. ಕೇಳಿದರೆ, "ಸ್ಟುಡಿಯೋ ಬಾಗಿಲು ಹಾಕಿತ್ತು," ಎನ್ನುತ್ತಿದ್ದರು. ದಿನವೂ ಬಾಗಿಲು ಹಾಕಿರುವ ಸ್ಟುಡಿಯೋ ಬೆಂಗಳೂರಿನಲ್ಲಿ ಎಲ್ಲಿದೆಯೋ ನಾನರಿಯೆ.

ಆಪರೇಷನ್ ಮುಗಿಸಿಕೊಂಡು ಅಜ್ಜಿ ಮನೆಗೆ ಬಂದರು. ಅವರು ಮಂಚಕ್ಕೆ ಒರಗಿದ್ದೇ ತಡ, ನಡುಮನೆಯಲ್ಲಿ ಫಟ್ಟೆಂದು ಸದ್ದಾಯಿತು. ಗೊಂಬೆ ಮತ್ತೆ ಉರುಳಿತು.

"ಥೂ ನಿನ್ನ! ಮನೆಯೊಳಗೆ ಬಿಚ್ಚಬಾರದು ಅಂತ ಎಷ್ಟು ಸಲ ಬಡ್ಕೋಬೇಕೋ!" ಅಜ್ಜಿಯ ದನಿ ಇನ್ನೂ ನಿತ್ರಾಣವಾಗಿತ್ತು.

ಮಾಮ ಛತ್ರಿಯ ಮರೆಯಲ್ಲಿ ನಿಂತು, ಯಾರೂ ಮುಟ್ಟಬಾರದ ಆ ಬಿಳಿಬಟ್ಟೆಯಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.