ನಮ್ಮ ಬೀದಿ ಎಂಬ ಹದಿನಾಲ್ಕನೆಯ ಕೆರೆ

ನಗರ ಕೆರೆಗಳ ಸಮೀಕ್ಷಾಧಿಕಾರಿಗಳಾದ ಮಾನ್ಯರೇ,

ಇಪ್ಪತ್ತೆರಡು ಕೆರೆಗಳಿರುವ ನಮ್ಮ ಊರಿನಲ್ಲಿ, ಹದಿನಾಲ್ಕನೆಯದೆಂದು ತಾವು ಹೊಸದಾಗಿ ಘೋಷಿಸಿರುವ ಕೆರೆಯ ನಟ್ಟನಡುವೆ ಅಡುಗೆಮನೆ ಇಟ್ಟುಕೊಂಡಿರುವ ಭೂಗೋಳದ ಟೀಚರೊಬ್ಬಳು ಮಾಡುವ ಸವಿನಯ ನಮಸ್ಕಾರಗಳು. ತಾವು ಕ್ಷೇಮವೆಂದು ಭಾವಿಸುತ್ತೇನೆ. ನಾವು ತಮ್ಮ ದಾಖಲೆಯ ಪ್ರಕಾರ ಆರಡಿ ನೀರಿನೊಳಗೆ ಕ್ಷೇಮವಾಗಿದ್ದೇವೆ.

ಮೂರು ದಿನ ನೀರು ನಿಂತ ಜಾಗವೆಲ್ಲ ಕೆರೆ ಎಂಬ ತಮ್ಮ ನಿಯಮ ಎಷ್ಟು ಸರಳ! ಕಳೆದ ಮಳೆಗಾಲದಲ್ಲಿ ತಮ್ಮದೇ ಇಲಾಖೆಯವರು ಪೈಪು ಹಾಕಲು ಅಗೆದ ಮಣ್ಣನ್ನು ನಮ್ಮ ಚರಂಡಿಯ ಬಾಯಿಗೆ ಸುರಿದು ಹೋದರು, ನೀರು ನಿಂತಿತು, ನಾಲ್ಕನೆಯ ದಿನ ತಮ್ಮ ಅಳತೆಯವರು ಪ್ಯಾಂಟು ಮಡಚಿಕೊಂಡು ಬಂದರು. ಬೀದಿಯ ಕೊನೆಗಿರುವ ನಿಜವಾದ ಕೆರೆಯನ್ನು ಮಾತ್ರ ಸುಡುಬೇಸಿಗೆಯಲ್ಲಿ ನೋಡಿ, ಖಾಲಿ ಮೈದಾನವೆಂದು ಬರೆದುಕೊಂಡು, ವಾಹನ ನಿಲ್ದಾಣಕ್ಕೆ ಮಂಜೂರು ಮಾಡಿದಿರಿ. ಹದಿನಾಲ್ಕನೆಯದು ಹೋಗಿ ಅದೇ ಸಂಖ್ಯೆಗೆ ನಮ್ಮ ಬೀದಿ ಬಂದಿದ್ದರಿಂದ ಒಟ್ಟು ಇಪ್ಪತ್ತೆರಡೇ ಉಳಿದು, ಯಾರ ಕಣ್ಣಿಗೂ ಏನೂ ಬೀಳಲಿಲ್ಲ.

ನಮ್ಮನ್ನು ನಮ್ಮಿಂದಲೇ ಕಾಪಾಡಲು ತಾವು ಬೀದಿಯ ಎರಡೂ ತುದಿಗೆ ಬೇಲಿ ಹಾಕಿಸಿ, ಅದನ್ನು ಹತ್ತಿ ಇಳಿಯಲು ನಾಲ್ಕು ಮೆಟ್ಟಿಲು, ಬೀಗ ಹಾಕಿದ ಗೇಟು, ಈಜುವುದೂ ಬಟ್ಟೆ ಒಗೆಯುವುದೂ ನಿಷಿದ್ಧವೆಂಬ ಫಲಕ, ಸೀಟಿಯ ಸಮೇತ ಒಬ್ಬ ಕಾವಲುಗಾರ, ಇಷ್ಟನ್ನೂ ಕೊಟ್ಟಿದ್ದೀರಿ. ನಮ್ಮ ಬಚ್ಚಲಿನಲ್ಲಿ ನಾನು ಸೀರೆ ಕುಕ್ಕುವ ಸದ್ದು ಕೇಳಿದರೆ ಆತ ಕಿಟಕಿಯ ಬಳಿ ಬಂದು, "ಮೇಡಂ, ಸ್ವಲ್ಪ ಮೆತ್ತಗೆ ಒಗೀರಿ, ಮೇಲಿನವರು ಬಂದ್ರೆ ನನ್ನ ಕೆಲ್ಸಕ್ಕೆ ಕುತ್ತು" ಎಂದು ಸಂಕೋಚದಿಂದ ಹೇಳುತ್ತಾನೆ. ನನ್ನ ವಿದ್ಯಾರ್ಥಿಗಳು ಪರೀಕ್ಷೆಯ ನಕ್ಷೆಯಲ್ಲಿ ನಮ್ಮ ಮನೆಗೆ ನೀಲಿ ಬಣ್ಣ ಬಳಿಯುತ್ತಾರೆ, ನಾನು ಪೂರ್ತಿ ಅಂಕ ಕೊಡುತ್ತೇನೆ.

ಇದನ್ನೆಲ್ಲ ಹೊಟ್ಟೆಗೆ ಹಾಕಿಕೊಳ್ಳಬಹುದಿತ್ತು. ಆದರೆ ನಮ್ಮ ಮಾವನವರು ಮೂವತ್ತೊಂದು ವರ್ಷ ಆ ಮೈದಾನದ, ಕ್ಷಮಿಸಿ, ಆ ಕೆರೆಯ ತೂಬು ಕಾದವರು. ಕಾಲು ಸ್ವಾಧೀನ ತಪ್ಪಿದ ಮೇಲೆ ದಿನಾ ಸಂಜೆ ಗಾಲಿಕುರ್ಚಿಯಲ್ಲಿ ಕೂತು ಏರಿಯವರೆಗೆ ಹೋಗಿ, ನೀರು ಇರಲಿ ಬಿಡಲಿ, ಅರ್ಧ ಗಂಟೆ ನೋಡಿ ಬರುವುದೊಂದೇ ಅವರಿಗೆ ಉಳಿದಿದ್ದ ಸುಖ. ಗಾಲಿಕುರ್ಚಿ ಮೆಟ್ಟಿಲು ಹತ್ತುವುದಿಲ್ಲ, ಕೆರೆಯೊಳಗೆ ವಾಹನಕ್ಕೆ ಅನುಮತಿಯಿಲ್ಲವಾದ್ದರಿಂದ ಗೇಟು ತೆರೆಯುವುದಿಲ್ಲ. ಮೂರು ತಿಂಗಳಿಂದ ಅವರು ಗೋಡೆ ನೋಡುತ್ತಿದ್ದಾರೆ. ಕೆರೆ ಮುಚ್ಚಲು ರೋಲರ್ ಬಂದಿದೆಯೆಂದು ತಿಳಿದ ದಿನ, "ನನ್ನನ್ನ ಕೇಳ್ಬೇಕಿತ್ತು ಕಣಮ್ಮ" ಎಂದಷ್ಟೇ ಹೇಳಿ ಊಟ ಬಿಟ್ಟರು.

ಆದ್ದರಿಂದ ತಾವು ದಯಮಾಡಿ ಮಾವನವರಿಗೆ ಗಾಲಿಕುರ್ಚಿ ಹಿಡಿಯುವಷ್ಟು ದೊಡ್ಡ ದೋಣಿಯೊಂದನ್ನು ಮಂಜೂರು ಮಾಡಬೇಕು. ಅದು ಕಷ್ಟವಾದರೆ ಆ ಕೆರೆಯನ್ನೇ ದಿನಾ ಸಂಜೆ ಐದಕ್ಕೆ ನಮ್ಮ ಬಾಗಿಲಿಗೆ ತಂದು, ಐದೂವರೆಗೆ ವಾಪಸು ಒಯ್ಯಬೇಕು. ಅದೂ ಆಗದಿದ್ದರೆ ಒಂದು ಬೀಗದ ಕೈ ಸಾಕು.

ಕೆರೆಯ ತಳದಿಂದ,
ತಮ್ಮ ವಿಶ್ವಾಸಿ,
ಹದಿನಾಲ್ಕನೆಯ ಕೆರೆ, ಎಡಗಡೆಯ ಮೂರನೆಯ ಮನೆ

ತಾ.ಕ.: ಪತ್ರವನ್ನು ಅಂಚೆಗೆ ಹಾಕುವ ಮುನ್ನವೇ ನಿನ್ನೆ ಮಧ್ಯಾಹ್ನ ಜೋರು ಮಳೆ ಬಂತು. ಕಾವಲುಗಾರನ ಸ್ಟೂಲು ತೇಲತೊಡಗಿದಾಗ ಆತನೇ ಗೇಟು ತೆರೆದು, ಮಾವನವರ ಕುರ್ಚಿಯನ್ನು ತಾನೇ ಏರಿಯವರೆಗೆ ತಳ್ಳಿಕೊಂಡು ಹೋದನು. ಮಾವನವರು ಕೂತಲ್ಲಿಂದಲೇ ಬೆರಳು ತೋರಿಸಿದರು, ಬೀದಿಯವರೆಲ್ಲ ಸೇರಿ ಕೆರೆಗೆ ಹರಿಯುವ ಚರಂಡಿಯ ಬಾಯಿಯ ಮಣ್ಣು ತೆಗೆದರು, ಏರಿಯ ಮೇಲೆ ಹೋಗಿ ನೀರು ಹೊರಹೋಗದಂತೆ ತೂಬು ಮುಚ್ಚಿದರು. ಸಂಜೆಯ ಹೊತ್ತಿಗೆ ತಮ್ಮ ಕೆರೆ ಒಣಗಿ, ತಮ್ಮ ಮೈದಾನ ತುಂಬಿತ್ತು. ರೋಲರಿನ ಮೇಲ್ಛಾವಣಿ ಮಾತ್ರ ಕಾಣುತ್ತಿದೆ, ಅದರ ಮೇಲೆ ಎರಡು ಕೊಕ್ಕರೆ ಕೂತಿವೆ. ನೀರು ಮೂರು ದಿನ ನಿಲ್ಲುವವರೆಗೆ ಮಾವನವರು ಅಲ್ಲಿಂದ ಕದಲುವುದಿಲ್ಲವಂತೆ, ಊಟ ಅಲ್ಲಿಗೇ ಕಳಿಸುತ್ತಿದ್ದೇನೆ. ನಾಲ್ಕನೆಯ ದಿನ ಅಳತೆಗೆ ಬನ್ನಿ. ಈಜಬಾರದೆಂಬ ತಮ್ಮ ಫಲಕವನ್ನೂ ಅಲ್ಲಿಗೇ ಸಾಗಿಸಿದ್ದೇವೆ, ಆದರೆ ರೋಲರ್ ಬೇಕಿದ್ದರೆ ತಾವು ಈಜಬಹುದು.