ನೀ ಯಾರ ಪೈಕಿ?

ನಮ್ಮ ಕಡೆ ಕೆಲಸ ಕೇಳುವುದೇನೂ ಕಷ್ಟವಲ್ಲ. ನಾನು ಯಾರು ಅಂತ ಹೇಳಿ ಮುಗಿಸುವುದೇ ಕಷ್ಟ. ಹರೆಯದಲ್ಲಿ ನಾನಂತೂ ಬಾಯಿ ತೆರೆದಲ್ಲೆಲ್ಲ ಒಂದೊಂದು ಫಜೀತಿ. ಬ್ರಿಟಿಷ್ ಸರಕಾರಕ್ಕೆ ತೆರಿಗೆ ಕೊಡಬಾರದು ಅಂತ ಆಗ ಅಂಕೋಲೆ ಬದಿಯಲ್ಲಿ ಊರೂರೇ ಹಟ ಹಿಡಿದು ಕೂತಿದ್ದವು. ಅಪ್ಪನೂ ಕೂತ. ಗದ್ದೆ, ಮನೆ, ಎತ್ತು ಎಲ್ಲ ಜಪ್ತಿಯಾಯಿತು. ಅವ್ವಿ ತವರಿಗೆ ಹೋದಳು. ಅಪ್ಪ ಕೆಲಸ ಹುಡುಕಿಕೊಂಡು ಕುಮಟೆಯ ಕಡೆ ಹೋದ, ನಾನು ಕಾರವಾರದ ಕಡೆ ಹೊರಟೆ.

“ಹೆಂಗಾರೂ ಮಾಡಿ ಮೂರೂ ಜನ ಒಂದೇ ಮಾಡಿನ ಕೆಳಗೆ ಮಲಗೂ ಹಂಗೆ ಮಾಡು ತಮಾ,” ಅಂತ ಅವ್ವಿ ನನ್ನ ಕೈ ಹಿಡಿದು ಹೇಳಿದ್ದಳು. ಅಣ್ಣನ ಮನೆಯ ಅನ್ನ ಅವಳ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ನೆಂಟಸ್ತನ

ಮೊದಲು ಸಿಕ್ಕಿದ್ದು ಚೆಂಡಿಯಾದ ಒಬ್ಬ ಜಮೀನುದಾರರ ಮನೆ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ: “ಹೂಡೂಕೆ ಬರ್ತದೆ, ಗಾಡಿ ಹೊಡೂಕೆ ಬರ್ತದೆ, ಓದೂಕೆ ಬರೆಯೂಕೆ ಬರ್ತದೆ, ಕಳ್ಳತನ ಮಾತ್ರ ಬರೂದಿಲ್ಲ.”

ಯಜಮಾನರು ಅದೊಂದನ್ನೂ ಕೇಳಲಿಲ್ಲ. “ನೀ ಯಾರ ಪೈಕಿ?” ಅಂದರು.

ಅಪ್ಪನ ಹೆಸರು ಹೇಳಿದೆ. ಒಳಗಿಂದ ಅವರ ಹೆಂಡತಿ, “ಅಯ್ಯೋ, ಅವರ ಅತ್ತಿಗೆಯ ತಂಗಿಯನ್ನ ನಮ್ಮ ದೊಡ್ಡಪ್ಪನ ಮಗನಿಗೆ ಕೊಟ್ಟದ್ದಲ್ವೇ!” ಅಂತ ಓಡಿಬಂದರು. ಮುಗಿಯಿತಲ್ಲ ಕತೆ. ಕಾಲಿಗೆ ನೀರು ಬಂತು, ಬೆಲ್ಲ ಬಂತು, ಬಂಗಡೆ ಸಾರು-ಅನ್ನವೂ ಬಂತು. ಕೈ ತೊಳೆದು ಮತ್ತೆ ಕೆಲಸದ ಮಾತು ತೆಗೆದರೆ ಯಜಮಾನರು ಕಿವಿ ಮುಚ್ಚಿಕೊಂಡರು.

“ಛೆ ಛೆ! ನೆಂಟರ ಮಗನಿಗೆ ಕೂಲಿ ಕೊಟ್ಟು ದುಡಿಸೂದೇ? ಊರವರು ಮುಖಕ್ಕೆ ಉಗೀತಾರೆ!”

ನನಗೆ ಅಳುವೇ ಬಂತು. ಹೊಟ್ಟೆ ತುಂಬಿದ್ದಕ್ಕೆ ಇನ್ನೂ ಹೆಚ್ಚು ಬಂತು, ಅವ್ವಿಯ ನೆನಪಾಗಿ. ಅಂಗಳ ಇಳಿಯುವಷ್ಟರಲ್ಲಿ ಯಜಮಾನರು ಹಿಂದಿನಿಂದ ಕರೆದರು. ಮನಸ್ಸು ಕರಗಿತು ಅಂತ ಓಡಿದೆ.

“ಹೆಂಗೂ ಮನೆಯವನೇ ಅಲ್ವಾ ಮಾರಾಯಾ, ಹೋಗೂ ಮೊದ್ಲು ಆ ನಾಕು ಮರ ಹತ್ತಿ ಕಾಯಿ ಕೆಡವಿ ಹೋಗು.”

ಹಾರ

ಕಾರವಾರದ ಹಬ್ಬುವಾಡದಲ್ಲಿ ಒಬ್ಬ ವಕೀಲರಿಗೆ ಮನೆಗೆಲಸಕ್ಕೆ ಜನ ಬೇಕಂತೆ ಅಂತ ಯಾರೋ ಹೇಳಿದರು. ಈ ಸಲ ಅಪ್ಪನ ಹೆಸರೇ ಎತ್ತಬಾರದು ಅಂತ ಗಟ್ಟಿ ಮಾಡಿಕೊಂಡೆ. “ಅಂಕೋಲೆ ಬದಿಯವ. ಗದ್ದೆ ಜಪ್ತಿಯಾಗಿದೆ. ಯಾವ ಕೆಲಸ ಆದ್ರೂ ಮಾಡ್ತೆ,” ಅಂದೆ. ಇದಕ್ಕಿಂತ ಚಿಕ್ಕದಾಗಿ ಯಾರಿಂದ ಹೇಳಲಾದೀತು?

ವಕೀಲರು ಖಾದಿಯವರು. “ಜಪ್ತಿಯೇ!” ಅಂತ ಕುರ್ಚಿ ಬಿಟ್ಟು ಎದ್ದೇಬಿಟ್ಟರು. ಅಕ್ಕಪಕ್ಕದವರನ್ನೆಲ್ಲ ಕೂಗಿ ಕರೆದರು. ಗೋಡೆಯ ಫೋಟೋಕ್ಕೆ ಹಾಕಿದ್ದ ಹೂವಿನ ಹಾರ ತೆಗೆದು ನನ್ನ ಕೊರಳಿಗೆ ಹಾಕಿ ಭಾಷಣ ಶುರು ಮಾಡಿದರು. ಹೆಂಗಸರು ಕಣ್ಣೊರೆಸಿಕೊಂಡರು. ಎಲ್ಲ ಮುಗಿದ ಮೇಲೆ ಮೆಲ್ಲಗೆ, “ಸ್ವಾಮೀ, ಆ ಕೆಲಸ...” ಅಂದೆ.

“ಶಿವ ಶಿವಾ! ನಿಮ್ಮಂಥ ತ್ಯಾಗಿಗಳ ಕೈಯಲ್ಲಿ ಕಸ ಹೊಡೆಸಿದರೆ ದೇಶ ನನ್ನನ್ನು ಕ್ಷಮಿಸುತ್ತದೆಯೇ?”

ಇವತ್ತು ಎಲ್ಲಿ ಉಣ್ಣುತ್ತೀಯಾ ಅಂತ ದೇಶವೂ ಕೇಳಲಿಲ್ಲ, ವಕೀಲರೂ ಕೇಳಲಿಲ್ಲ. ಬೀದಿಯ ತಿರುವಿನಲ್ಲಿ ಒಂದು ಆಕಳು ಬಂದು ಹಾರಕ್ಕೆ ಬಾಯಿ ಹಾಕಿತು. ನನ್ನ ದೇಶಸೇವೆಯಿಂದ ಆ ದಿನ ಹೊಟ್ಟೆ ತುಂಬಿದ್ದು ಅದರದ್ದೊಂದೇ.

ಯಾರೂ ಇಲ್ಲದವರು

ಕೊನೆಗೆ ಬಂದರದ ಹತ್ತಿರದ ಮರದ ವಖಾರಿಗೆ ಹೋದೆ. ಅಲ್ಲಿಯ ಧಣಿಗೆ ಕೂಲಿಯವರ ಮೇಲೆ ಭಾರೀ ಸಿಟ್ಟು. ಮದುವೆ, ತಿಥಿ, ಬಾಣಂತನ ಅಂತ ಊರಿಗೆ ಹೋದವರು ತಿರುಗಿ ಬರುತ್ತಲೇ ಇರಲಿಲ್ಲವಂತೆ. ಬಾಗಿಲಲ್ಲೇ ಕೇಳಿದರು, “ಮನೆಯಲ್ಲಿ ಯಾರ್ಯಾರು?”

ಅಷ್ಟರಲ್ಲಿ ನಾನೂ ಪಾಠ ಕಲಿತಿದ್ದೆ. “ಯಾರೂ ಇಲ್ಲ ಒಡ್ಯಾ.”

“ಬರೆಂ, ಒಳ್ಳೇದೇ ಆಯ್ತು! ಎತ್ತು ಆ ದಿಮ್ಮಿ.”

ಅಷ್ಟೇ ನೋಡಿ! ಕೆಲಸ ಸಿಕ್ಕಿತು, ಇರಲು ವಖಾರಿಯ ಹಿಂದೆ ಒಂದು ಗುಡಿಸಲೂ ಸಿಕ್ಕಿತು. ಆದರೆ ಯಾರೂ ಇಲ್ಲ ಅಂದವ ಅವ್ವಿಯನ್ನು ಕರೆತರುವುದು ಹೇಗೆ? ತಲೆಯ ಮೇಲೊಂದು ಮಾಡೇನೋ ಆಯಿತು, ಅದರ ಕೆಳಗೆ ಮಲಗಬೇಕಾದವರನ್ನು ನಾನೇ ಇಲ್ಲ ಅಂದುಬಿಟ್ಟಿದ್ದೆ. ಗಂಜಿ ಉಣ್ಣುವಾಗೆಲ್ಲ ಅದೇ ಸಂಕಟ.

ಒಂದು ಬೆಳಿಗ್ಗೆ ಇನ್ನೊಬ್ಬ ಕೆಲಸ ಕೇಳಿಕೊಂಡು ಬಾಗಿಲಲ್ಲಿ ನಿಂತಿದ್ದ. ಗಡ್ಡ ಬೆಳೆದಿತ್ತು, ಮೈ ಅರ್ಧ ಇಳಿದುಹೋಗಿತ್ತು. ನೋಡುತ್ತೇನೆ, ಅಪ್ಪ! ಕುಮಟೆಯಲ್ಲಿ ಏನೂ ಸಿಗದೆ ಇಲ್ಲಿಯ ತನಕ ಬಂದಿದ್ದ. ನನ್ನ ಹೆಗಲ ಮೇಲಿನ ದಿಮ್ಮಿ ಜಾರಿ ಬಿತ್ತು. ಆ ಸದ್ದಿಗೆ ಅವನೂ ನನ್ನನ್ನು ನೋಡಿದ.

ಧಣಿ ಕೇಳಿದರು, “ಮನೆಯಲ್ಲಿ ಯಾರ್ಯಾರು?”

ಅಪ್ಪನೂ ಎಲ್ಲೋ ಅದೇ ಪಾಠ ಕಲಿತಿದ್ದ. ನನ್ನ ಮುಖ ನೋಡುತ್ತಲೇ ಹೇಳಿದ, “ಯಾರೂ ಇಲ್ಲ ಒಡ್ಯಾ.”

ನನ್ನ ಎದೆ ಒಡೆದ ಹಾಗಾಯಿತು. ಜತೆಗೇ ನಗುವೂ ಬಂತು. ಸುಳ್ಳು ಹೇಳಿದರೆ ಬೆನ್ನಿಗೆ ಬಾರಿಸುತ್ತಿದ್ದ ಅಪ್ಪ ಇವನು!

ಧಣಿಗೆ ಖುಷಿಯೋ ಖುಷಿ. “ಅರೇ, ಈ ಹುಡುಗನಿಗೂ ಯಾರೂ ಇಲ್ಲ. ಅವನ ಗುಡಿಸಲಲ್ಲೇ ಇರು. ನಿನಗೆ ಮಗ ಇಲ್ಲ, ಅವನಿಗೆ ಅಪ್ಪ ಇಲ್ಲ. ಇವತ್ತಿಂದ ಅಪ್ಪ-ಮಗ ಅಂದ್ಕೊಂಡು ಇದ್ದುಬಿಡಿ.”

ಅಪ್ಪ ನನ್ನನ್ನು ಮೇಲಿಂದ ಕೆಳಗಿನ ತನಕ ನೋಡಿದ. ಕಣ್ಣು ತುಂಬಿತ್ತು. “ನಾಕು ದಿನ ನೋಡ್ತೆ ಒಡ್ಯಾ,” ಅಂದ. “ಹುಡ್ಗ ಎಂಥವನೋ ಏನೋ.”

ವಖಾರಿಯೆಲ್ಲ ನಕ್ಕಿತು. ಧಣಿಗೂ ಹುರುಪು ಬಂತು. “ಅಪ್ಪ ಆಯ್ತು, ಮಗ ಆಯ್ತು. ಇನ್ನು ಗಂಜಿ ಬೇಯಿಸೂಕೆ ಒಬ್ಬಳು ಸಿಕ್ಕಿದ್ರೆ ಸಂಸಾರವೇ ಆಯ್ತಲ್ಲೋ!”

ಅಪ್ಪ ಹೆಗಲ ಮೇಲಿನ ತುಂಡುಬಟ್ಟೆಯಿಂದ ಮುಖ ಒರೆಸಿಕೊಂಡ.

“ಅಂಕೋಲೆ ಬದಿಗೆ ಒಬ್ಬಳಿದ್ದಾಳೆ ಒಡ್ಯಾ,” ಅಂದ. “ಪಾಪ, ಅವಳಿಗೂ ಯಾರೂ ಇಲ್ಲ.”