ನಾಯಿ ಇದ್ದವರಿಗೆ ಮಾತ್ರ ಹೊಂಗೆ ನೆರಳು

ಟೀ ಅಂಗಡಿ ಇಟ್ಟವನಿಗೆ ನಗೋಕೆ ಪುರುಸೊತ್ತಿರಲ್ಲ. ಆದರೂ ನಗೋ ಅಂಥವು ತಾವಾಗೇ ಬಂದು ಬೆಂಚಿನ ಮೇಲೆ ಕೂರುತ್ತವೆ. ಯಳಂದೂರು ದಾಟಿ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗೋ ರಸ್ತೆಯಲ್ಲಿದೆ ನನ್ನ ಅಂಗಡಿ. ಕಾರಲ್ಲಿ ನಾಯಿ ಕೂರಿಸಿಕೊಂಡು ಬರೋರು ಜಾಸ್ತಿಯಾದರು ಅಂತ ಹೊರಗೆ ಹೊಂಗೆ ಮರದಡಿ ಮೂರು ಮೇಜು ಹಾಕಿ, 'ನಾಯಿ ಇದ್ದವರಿಗೆ ಮಾತ್ರ' ಅಂತ ಬೋರ್ಡ್ ಬರೆಸಿದೆ. ಮಾಡಿದ್ದುಣ್ಣೋ ಮಹರಾಯ.

೧. ಬೋರ್ಡು

ಮೊದಲ ದಿನವೇ ಕುಂತೂರಿನ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊಡೆಯೋ ಟ್ರಾಕ್ಟರ್ ಡ್ರೈವರ್ ಬಂದ. ಬೋರ್ಡು ಓದಿದ. ಇನ್ನೊಂದು ಸಲ ಓದಿದ.

"ನಾಯಿ ಮನೇಲದೆ ಸಾ. ಕುಂತ್ಕಬೋದಾ?"

"ಕರಕೊಂಡು ಬಂದಿರಬೇಕಪ್ಪ."

"ಅದು ಬಂದ್ರೆ ಮನೆ ಕಾಯೋರ್ಯಾರು? ನಾನಾ?"

ಒಳಗೇ ಸೆಕೆಯಲ್ಲಿ ಕೂತು ಟೀ ಕುಡಿದ. ಹೋಗುವಾಗ ಹೇಳಿದ: "ಮುಂದಿನ್ ಸಾರಿ ನಾನ್ ಬರಕಿಲ್ಲ. ನಾಯ್ನೇ ಕಳಿಸ್ತೀನಿ, ಅದುಕ್ಕೇ ಟೀ ಕೊಡಿ."

೨. ಎಲ್ಲರ ನಾಯಿ

ಊರವರು ದಾರಿ ಕಂಡುಕೊಳ್ಳೋಕೆ ಒಂದು ವಾರ ಸಾಕಾಯಿತು. ಅಂಗಡಿ ಹಿಂದೆ ಬಿದ್ದಿರುತ್ತಿದ್ದ ಕಂದು ಬೀದಿನಾಯಿಯ ಕತ್ತಿಗೆ ಯಾರೋ ಹಗ್ಗ ಹಾಕಿದರು. ಟೀ ಕುಡಿದು ಎದ್ದವರು ಆಮೇಲೆ ಬಂದವರ ಕೈಗೆ ಹಗ್ಗ ಕೊಟ್ಟು ಹೋಗೋದು. ಕೂತವರೆಲ್ಲ ಅದಕ್ಕೊಂದು ಬನ್ನು ಹಾಕೋದು. "ಯಾರದ್ರೀ ನಾಯಿ?" ಅಂದರೆ ಹಗ್ಗ ಹಿಡಿದವರು ನಾಚಿಕೆಯಿಲ್ಲದೆ "ನಮ್ದೇ ಕಣ್ರಿ" ಅನ್ನೋರು. ಒಂದೇ ಬೆಳಿಗ್ಗೆ ಅದಕ್ಕೆ ಎಂಟು ಜನ ಯಜಮಾನರು. ಬನ್ನು ತಿಂದೂ ತಿಂದೂ ಅದು ಬೊಗಳೋದನ್ನೇ ಬಿಟ್ಟಿತು.

೩. ಹಗಲು ಬೆಳಕಿನ ಸೀರೆ

ಒಂದು ಭಾನುವಾರ ಕೊಳ್ಳೇಗಾಲದ ನೇಕಾರರೊಬ್ಬರು ಮಗಳನ್ನು ಕರಕೊಂಡು ಬಂದರು. ಹನೂರಿನ ಗಂಡಿನ ಕಡೆಯವರು ಬೆಟ್ಟಕ್ಕೆ ಹೋಗುವಾಗ ನನ್ನ ಅಂಗಡಿಯಲ್ಲೇ ಹೆಣ್ಣು ನೋಡೋದು ಅಂತ ಮಾತಾಗಿತ್ತಂತೆ.

"ಸಾ, ಹೊರ್ಗಡೆ ಜಾಗ ಬೇಕು. ಮಗ್ಳು ಉಟ್ಟಿರೋದು ಅವ್ಳೇ ನೇಯ್ದಿರೋ ಸೀರೆ. ರೇಷ್ಮೆನ ಅಗಲ್ ಬೆಳಕಲ್ಲೇ ನೋಡ್ಬೇಕು. ಟ್ಯೂಬ್‌ಲೈಟಲ್ಲಿ ಬಣ್ಣ ಸುಳ್ಳೇಳ್ತದೆ. ಆಗ್ಲೇ ಎಲ್ಡು ಸಂಬಂಧ ತಪ್ಪೋಗವೆ. ಇದೂ ತಪ್ಪುದ್ರೆ ಅವ್ಳ್ ಮೊಕ ನೋಡಕಾಗಕಿಲ್ಲ."

ಪಾಪ ಅನ್ನಿಸಿತು. ನಾನೇ ಹಗ್ಗ ತಂದು ಅವರ ಕೈಗೆ ಕೊಟ್ಟೆ.

ಗಂಡು, ಅವನ ತಾಯಿ, ತಂದೆ ಬಂದು ಕೂತರು. ತಾಯಿ ಸೆರಗು ಮುಟ್ಟಿ ನೋಡಿ, ಅಂಚು ಮುಟ್ಟಿ ನೋಡಿ, ಚೆನ್ನಾಗದೆ ಅಂದರು. ಗಂಡಿನ ತಂದೆ ಮಾತ್ರ ಸೀರೆ ಬಿಟ್ಟು ನಾಯಿಯನ್ನೇ ನೋಡುತ್ತಿದ್ದರು.

"ನಾಯಿ ನಿಮ್ದಾ?"

"ನಮ್ದೇ. ಮರಿಯಿಂದ ಸಾಕಿರೋದು," ಅಂದರು ನೇಕಾರರು.

"ಎಸ್ರೇನು?"

"ರಾಜ," ಅಂದರು ಅಪ್ಪ. "ಗೌರಿ," ಅಂದಳು ಮಗಳು, ಅದೇ ಉಸಿರಿಗೆ.

ನೇಕಾರರ ಹಣೆ ಬೆವೆತುಹೋಯಿತು. ಮೂರನೇದೂ ತಪ್ಪಿತು ಅಂತ ನಾನೂ ಅಂದುಕೊಂಡೆ.

ಗಂಡಿನ ತಂದೆ ಬನ್ನು ಮುರಿದು ನಾಯಿಗೆ ಹಾಕಿದರು.

"ಗಾಬರಿ ಬೀಳ್ಬೇಡಿ ಬೀಗ್ರೇ," ಅಂದರು. "ಓದ್ ಭಾನುವಾರ ಬೇರೆ ಹೆಣ್ ನೋಡಕ್ ಬಂದಿದ್ವಲ್ಲ, ಆಗ ಇದು ನಮ್ಮನೇದಾಗಿತ್ತು."